ಪರಶುವಿಗೆ ಕಡೆಹಾಡು

ಈರಯ್ಯನವರು ನಮ್ಮ ಬಾಗಿಲಿಗೆ ಬಂದ ಹೊತ್ತಿಗೆ ಕಸ್ತೂರಿ ನನ್ನ ತಮ್ಮನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು. ತಮ್ಮ ಇರಲಿಲ್ಲ. ಕಡವಿನಲ್ಲಿ ಅವನ ದೋಣಿ ಮಗುಚಿ ತಿಂಗಳ ಮೇಲಾಗಿತ್ತು. ದೋಣಿ ಸಿಕ್ಕಿತ್ತು, ಹುಟ್ಟು ಸಿಕ್ಕಿತ್ತು, ಪರಶು ಮಾತ್ರ ಸಿಕ್ಕಿರಲಿಲ್ಲ. ಆದರೂ ಕಡೆಹಾಡು ಆಗುವ ತನಕ ನಮ್ಮೂರಲ್ಲಿ ಯಾರನ್ನೂ ಸತ್ತರು ಅನ್ನುವಂತಿಲ್ಲ. ಹೊತ್ತು ಹೊತ್ತಿಗೆ ಅವರ ತಟ್ಟೆ ಇಡಬೇಕು, ಮನೆಯಲ್ಲಿ ಯಾರೂ ಅಳಬಾರದು. ಕಸ್ತೂರಿ ಅಷ್ಟು ದಿನದಿಂದ ಒಂದು ಹನಿ ಕಣ್ಣೀರು ಹಾಕದೆ ಗಂಡನಿಗೆ ಬಡಿಸುತ್ತಿದ್ದಳು, ಆಮೇಲೆ ಅದನ್ನೇ ದನಕ್ಕೆ ಹಾಕುತ್ತಿದ್ದಳು.

ಈರಯ್ಯನವರದು ಬೆಲ್ಲದ ಅಂಗಡಿ. ಅದೇ ದೋಣಿಯಲ್ಲಿ ಅವರ ಮಗಳು ಲಲಿತೆಯೂ ಇದ್ದಳು. ಆಚೆ ದಡದ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಿದ ಹೊಸತು. ಮೇಲಿನ ಅಣೆಕಟ್ಟೆಯ ನೀರು ಹೇಳದೆ ಕೇಳದೆ ನುಗ್ಗಿ ಬಂದ ದಿನ ದೋಣಿಯಲ್ಲಿದ್ದವರಲ್ಲಿ ಇಬ್ಬರು ಈಜಿ ದಡ ಸೇರಿದರು. ಲಲಿತೆಯ ಹೆಣ ಮರಳದಿಣ್ಣೆಯ ಮೇಲೆ ಸಿಕ್ಕಿತು.

ಈರಯ್ಯನವರು ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತೇ ಆ ತಟ್ಟೆಯನ್ನು ನೋಡಿದರು.

"ಭಾಗಮ್ಮಾ, ಒಂದು ಮಾತು ಕೇಳೋಕೆ ಬಂದೆ. ಪರಶುಗೆ ಯಾವತ್ತು ಹಾಡ್ತೀರಿ?"

"ಹೆಣ ಸಿಕ್ಕಿಲ್ವಲ್ಲ ಈರಯ್ಯನವರೇ."

"ಅದಕ್ಕೇ ಕೇಳ್ತಿರೋದು. ನನ್ನ ಮಗಳಿಗೆ ನೀವೇ ಹಾಡಿದ್ರಿ. ನಿಮ್ಮ ತಮ್ಮನಿಗೆ ಹಾಡೋಕೆ ಏನಡ್ಡಿ?"

ಹೌದು, ಹಾಡಿದವಳು ನಾನೇ. ನಮ್ಮೂರ ಮೇಳದಲ್ಲಿ ಸೊಲ್ಲು ಎತ್ತುವವಳು ನಾನು. ನಾನು ಒಂದು ಸಾಲು ಎತ್ತಿದರೆ ಮಿಕ್ಕ ಹೆಂಗಸರು ಅದನ್ನೇ ಹಿಡಿದು ಹಾಡುತ್ತಾರೆ. ಲಲಿತೆಗೆ ಹಾಡಿದ ದಿನ ಊರಿನ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮೇಲೆ, ಹಿಂದೆ ಯಾವಾಗಲೋ ತೆಗೆದಿಟ್ಟ ಚಿತ್ರದಲ್ಲಿ, ಅವಳು ಜಗಲಿಯಲ್ಲಿ ಕೂತಿದ್ದಳು, ಅವಳ ತಾಯಿ ಹಿಂದೆ ಕೂತು ಜಡೆ ಹಾಕುತ್ತಿದ್ದರು. ಎಳೆದದ್ದು ಹೆಚ್ಚಾಯಿತೇನೋ, ಹುಡುಗಿ ಮುಖ ಕಿವುಚಿ ತಿರುಗಿ ಏನೋ ಬೈದಳು. ಅದನ್ನು ನೋಡಿ ಜನ ನಕ್ಕರು. ಆಗ ನಾನು ಮೊದಲ ನುಡಿ ಎತ್ತಿದೆ: "ಹೊಸಿಲು ದಾಟು, ಮೆಲ್ಲಗೆ ದಾಟು, ಹಿಂದೆ ನೋಡದೆ ಹೋಗು." ನಗು ಅಲ್ಲಲ್ಲೇ ನಿಂತುಹೋಯಿತು. ಎರಡನೇ ನುಡಿಯ ನಡುವೆ ಲಲಿತೆ ಚಿತ್ರದಿಂದ ಎದ್ದು ಹೋದಳು. ಜಗಲಿ ಇತ್ತು, ಕಂಬ ಇತ್ತು, ಕಂಬದ ಬುಡದಲ್ಲಿ ಬೆಕ್ಕು ಇತ್ತು. ತಾಯಿಯ ಕೈಗಳು ಮಾತ್ರ ಬರೀ ಗಾಳಿಯನ್ನು ಮೂರು ಎಳೆ ಮಾಡಿ ಹೆಣೆಯುತ್ತಲೇ ಇದ್ದವು. ಇಡೀ ಟಾಕೀಸು ಒಂದೇ ಗಂಟಲಿನಲ್ಲಿ ಅತ್ತಿತು. ಯಾರ ಮದುವೆಗೂ ಯಾರ ಸಾವಿಗೂ ತಲೆ ಕೆಡಿಸಿಕೊಳ್ಳದೆ ಬದುಕಿದ ನಮ್ಮೂರ ಎಮ್ಮೆ ಮೇಯಿಸುವ ಮುದುಕ ಕೂಡ ಎದೆ ಎದೆ ಬಡಿದುಕೊಂಡ.

ಹೊರಗಿನಿಂದ ಬಂದವರಿಗೆ ಇದು ಅರ್ಥವಾಗುವುದಿಲ್ಲ. ಕಡೆಹಾಡನ್ನು ನಾವು ರಾಗಿ ಬೀಸುತ್ತಾ ಗುನುಗಿದ್ದೇವೆ, ಕಣ್ಣು ಒದ್ದೆಯಾಗಿಲ್ಲ. ಅದೇ ಚಿತ್ರಗಳನ್ನು ಹಾಡಿಲ್ಲದೆ ಓಡಿಸಿದರೆ ಜನ "ನೋಡು ನೋಡು, ನಮ್ಮ ಹಳೇ ಸೈಕಲ್ಲು" ಅನ್ನುತ್ತಾರೆ. ಎರಡೂ ಕೂಡಿದಾಗ ಎದೆಯ ಅಗಳಿ ತಾನಾಗಿ ಜಾರುತ್ತದೆ. ಆಗಲೇ ಸತ್ತವರು ಹೋಗುವುದು, ಆಗಲೇ ಇದ್ದವರು ಅಳುವುದು. ಅದಕ್ಕೇ ಟಾಕೀಸಿನ ಹುಸೇನ್ ಸಾಬರು ಕ್ಯಾಮೆರಾ ಹೆಗಲ ಮೇಲೆ ಹೊತ್ತು ಕೇರಿ ಕೇರಿ ಸುತ್ತುತ್ತಾರೆ, ಒಬ್ಬರನ್ನೂ ಬಿಡದೆ ಚಿತ್ರ ತೆಗೆದು ಡಬ್ಬಿಯಲ್ಲಿ ಹಾಕಿಡುತ್ತಾರೆ.

ಬದುಕಿರುವವರ ಚಿತ್ರಕ್ಕೆ ಹಾಡಿದರೆ ಏನಾಗುತ್ತದೆ ಅನ್ನುವುದೂ ನಮಗೆ ಗೊತ್ತು. ಹಿಂದೆ ಯಾತ್ರೆಗೆ ಹೋದ ಕುಂಬಾರ ಸಿದ್ದಪ್ಪ ವರ್ಷವಾದರೂ ಬರದಿದ್ದಾಗ ಹೆಂಡತಿ ಹಾಡಿಸಿದಳು. ನಾಲ್ಕೂ ನುಡಿ ಮುಗಿದರೂ ಸಿದ್ದಪ್ಪ ಪರದೆಯ ಮೇಲೆ ಬೀಡಿ ಸೇದುತ್ತಾ ಕೂತೇ ಇದ್ದ. ಹೆಂಡತಿ ಕುಂಕುಮ ಸರಿಮಾಡಿಕೊಂಡು ಮನೆಗೆ ಹೋದಳು, ಅವನು ಮುಂದಿನ ಬೇಸಿಗೆಯಲ್ಲಿ ತಲೆ ಬೋಳಿಸಿಕೊಂಡು ಬಂದ.

ಈರಯ್ಯನವರು ಕೇಳುತ್ತಿದ್ದದ್ದು ಇದನ್ನೇ. ದಡ ಸೇರಿದ ಇಬ್ಬರಲ್ಲಿ ಒಬ್ಬ ಹೇಳಿದ್ದ: ನೊರೆಯ ನಡುವೆ ಒಂದು ತಲೆ ಆಚೆ ದಡದ ಜೊಂಡಿನ ಕಡೆಗೆ ಈಜಿಕೊಂಡು ಹೋದದ್ದನ್ನು ಕಂಡೆ ಅಂತ. ಆ ಇಬ್ಬರನ್ನು ಬಿಟ್ಟರೆ ಆ ನೀರಿನಲ್ಲಿ ಅಂಬಿಗನಲ್ಲದೆ ಇನ್ಯಾರು ಈಜಬಲ್ಲರು? ಹುಡುಗಿಯನ್ನು ನೀರಿಗೆ ಬಿಟ್ಟು ಪರಶು ತನ್ನ ಜೀವ ಉಳಿಸಿಕೊಂಡ, ಊರಿಗೆ ಮುಖ ತೋರಿಸಲಾಗದೆ ಎಲ್ಲೋ ಅಡಗಿದ್ದಾನೆ ಅನ್ನುವ ಮಾತು ಬಾವಿಕಟ್ಟೆಯಿಂದ ಸಂತೆಯವರೆಗೂ ಹಬ್ಬಿತ್ತು.

"ನಾನು ಜಗಳಕ್ಕೆ ಬಂದಿಲ್ಲ," ಅಂದರು ಈರಯ್ಯನವರು. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. "ನನ್ನ ಮಗಳ ಕೈ ಯಾರಾದ್ರೂ ಬಿಡಿಸ್ಕೊಂಡು ಹೋದ್ರಾ, ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು. ಅವಳಮ್ಮ ನಿದ್ದೆಯಲ್ಲೂ ಅದನ್ನೇ ಕೇಳ್ತಾಳೆ."

ನಾನು ಬಾಗಿಲು ಮುಂದೆ ಮಾಡಿದೆ. ಮುಚ್ಚಲಿಲ್ಲ, ಮುಂದೆ ಮಾಡಿದೆ. ಅವರು ಹೊರಟುಹೋದರು.

ತಾಯಿ ತೀರಿಕೊಂಡಾಗ ಪರಶು ಇನ್ನೂ ತೊಟ್ಟಿಲ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವನಿಗೋಸ್ಕರವೇ ನಾನು ಮದುವೆಯಾಗಲಿಲ್ಲ ಅಂತ ಜನ ಅನ್ನುತ್ತಾರೆ, ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ನನಗೆ ಅವನು ಹೇಡಿಯಾದರೂ ಸರಿ, ಊರು ಬಿಟ್ಟು ಹೋಗಿ ಯಾವುದೋ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರೂ ಸರಿ, ಇದ್ದರೆ ಸಾಕಿತ್ತು. ಹಾಡದೇ ಇದ್ದಷ್ಟು ದಿನ ಅವನು ಇದ್ದಾನೆ. ನನ್ನ ಲೆಕ್ಕ ಅಷ್ಟೇ.

ಕಸ್ತೂರಿಯ ಲೆಕ್ಕ ಬೇರೆ ಇತ್ತು. ಅದು ನನಗೆ ತಿಳಿದದ್ದು ಬಳೆ ಕಂಡ ದಿನ.

ಬೆಳಗ್ಗೆ ಬಾಗಿಲು ತೆಗೆದರೆ ಚಿಲಕಕ್ಕೆ ಯಾರೋ ದಾರ ಕಟ್ಟಿ ಗಾಜಿನ ಬಳೆ ನೇತುಹಾಕಿದ್ದರು. ಬಳೆ ತೊಟ್ಟುಕೊಂಡು ಮನೆಯಲ್ಲಿರು ಅಂತ ಗಂಡಸನ್ನು ಹಂಗಿಸುವ ಮಾತು ಎಲ್ಲರಿಗೂ ಗೊತ್ತಲ್ಲ. ನಾನು ಕಿತ್ತು ಸೆರಗಿನಲ್ಲಿ ಮುಚ್ಚುವಷ್ಟರಲ್ಲಿ ಕಸ್ತೂರಿ ಹಿಂದೆ ನಿಂತಿದ್ದಳು. ನನ್ನ ಕೈಯಿಂದ ತೆಗೆದುಕೊಂಡು ಒಂದೊಂದಾಗಿ ನೋಡಿದಳು.

"ಹಾಡಿಬಿಡಿ ಅತ್ತಿಗೆ," ಅಂದಳು.

"ಯಾವನೋ ತಲೆಹಿಡುಕ ಬಳೆ ಕಟ್ಟಿದ ಅಂತ..."

"ಬಳೆಗಲ್ಲ. ನಾನು ದಿನಾ ದೀಪ ಹಚ್ಚಿ ದೇವರ ಮುಂದೆ ನಿಲ್ತೀನಲ್ಲ, ಏನು ಕೇಳ್ಕೋತೀನಿ ಗೊತ್ತಾ ನಿಮಗೆ?" ಅವಳ ಸ್ವರ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಸತ್ತಿರ್ಲಪ್ಪಾ ಅಂತ ಕೇಳ್ಕೋತೀನಿ. ಆ ಹುಡುಗೀನ ಬಿಟ್ಟು ಬದುಕಿರೋದು ಬೇಡ, ಸತ್ತೇ ಹೋಗಿರ್ಲಿ ಅಂತ. ಎಂಥ ಹೆಂಡ್ತಿ ನಾನು, ಹೇಳಿ."

"ಬಾಯಿ ಮುಚ್ಚೇ!"

"ಮುಚ್ಕೊಂಡೇ ಇದೀನಲ್ಲ ಇಷ್ಟು ದಿನ."

"ಓಡಿಹೋಗಿದ್ರೆ ಹೋಗಿರ್ಲಿ ಕಣೇ. ಎಲ್ಲೋ ಒಂದು ಕಡೆ ಉಸಿರಾಡ್ತಿದ್ರೆ ಸಾಕು ನಂಗೆ."

"ನೀವು ಅಕ್ಕ, ನಿಮಗೆ ಸಾಕು. ನಾನು ಏನು ಮಾಡ್ಲಿ? ಅವರು ಅಂಥೋರು ಅಂತಾದ್ರೆ ನಾನು ಮದುವೆಯಾಗಿದ್ದು ಯಾರನ್ನ? ನನ್ನ ಜೊತೆ ಇದ್ದದ್ದು ಯಾರು?" ಬಳೆಗಳನ್ನು ಜಗಲಿಯ ಮೇಲೆ ಒಡೆಯದಂತೆ ಇಟ್ಟಳು. "ಇದ್ರೆ ಇದಾರೆ ಅಂತಾಗ್ಲಿ, ಹೋದ್ರೆ ಹೋದ್ರು ಅಂತಾಗ್ಲಿ. ನೀವು ಹಾಡದೇ ಇದ್ರೆ ಪಕ್ಕದೂರಿನ ಮೇಳದೋರನ್ನ ಕರೆಸ್ತೀನಿ."

ಅವಳು ಹಾಗೆ ಮಾಡುವವಳೇ. ಪರಶುವಿಗೆ ಕಡೆಹಾಡನ್ನು ಯಾರೋ ಗೊತ್ತಿಲ್ಲದವರು ಹಾಡುವುದನ್ನು ನೆನೆಸಿಕೊಂಡರೇ ನನ್ನ ಮೈ ಉರಿಯಿತು. ಆಯಿತು, ಹಾಡ್ತೀನಿ ಅಂದುಬಿಟ್ಟೆ. ಅಂದದ್ದಷ್ಟೇ, ಮನಸ್ಸು ಒಪ್ಪಲಿಲ್ಲ. ಮಧ್ಯಾಹ್ನ ನೆಟ್ಟಗೆ ಟಾಕೀಸಿಗೆ ಹೋದೆ.

ಹುಸೇನ್ ಸಾಬರು ಮಿಷಿನ್ ಕೋಣೆಯಲ್ಲಿ ಗಾಲಿಗೆ ಎಣ್ಣೆ ಬಿಡುತ್ತಿದ್ದರು. ಗೋಡೆಯುದ್ದಕ್ಕೂ ಊರಿನವರೆಲ್ಲ ಡಬ್ಬಿಗಳಲ್ಲಿ ಸಾಲಾಗಿ ಕೂತಿದ್ದರು.

"ಸಾಬರೇ, ಪರಶುದು ಕಳೆದುಹೋಗಿದೆ ಅಂದ್ಬಿಡಿ," ಅಂದೆ. "ಹುಳ ಹಿಡೀತು ಅನ್ನಿ. ಬೆಂಕಿ ತಗುಲ್ತು ಅನ್ನಿ. ನಿಮ್ಮ ಕಾಲು ಹಿಡೀತೀನಿ."

ಅವರು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. "ನನ್ನ ಹೆಂಡ್ತಿಗೆ ನೀನೇ ಹಾಡಿದ್ದೆ ಭಾಗಮ್ಮ. ಆವತ್ತು ಮಿಷಿನ್ ನಿಲ್ಲಿಸಿಬಿಡೋಣ ಅಂತ ಕೈ ಇಲ್ಲೀತನಕ ಹೋಗಿತ್ತು." ಗಾಲಿಯ ಪಕ್ಕದ ಹಿಡಿಯನ್ನು ತೋರಿಸಿದರು. "ನಿಲ್ಲಿಸಿದ್ರೆ ಅವಳು ಚಿತ್ರದಲ್ಲಾದ್ರೂ ಉಳೀತಿದ್ಲೇನೋ, ಅರ್ಧ ನಗು ನಗ್ತಾ. ನಾನು ನಿಲ್ಲಿಸ್ಲಿಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ." ಆಮೇಲೆ ನನ್ನ ಕಡೆ ನೋಡದೆ ಅಂದರು: "ಊರಿನೋರು ನನ್ನ ನಂಬಿ ತಮ್ಮ ನೆರಳನ್ನ ಈ ಡಬ್ಬಿಗಳಲ್ಲಿ ಇಟ್ಟಿದಾರೆ. ಸುಳ್ಳು ಹೇಳ್ಸಬೇಡ ನನ್ನ ಕೈಲಿ."

ಕಡೆಹಾಡು ಭಾನುವಾರ ಮಧ್ಯಾಹ್ನಕ್ಕೆ ನಿಗದಿಯಾಯಿತು.

ಅವತ್ತು ಬಂದ ಜನ ದುಃಖಕ್ಕೆ ಬಂದವರಲ್ಲ. ಪಂಚಾಯಿತಿ ತೀರ್ಪು ಕೇಳಲು ಬಂದವರ ಹಾಗೆ ಬಂದರು. ಯಾರೂ ಕಡಲೆಕಾಯಿ ಬಿಡಿಸಲಿಲ್ಲ, ಮಕ್ಕಳನ್ನು ಗದರಿಸಲಿಲ್ಲ. ಕಸ್ತೂರಿ ಮುಂದಿನ ಬೆಂಚಿನಲ್ಲಿ ಒಬ್ಬಳೇ ಕೂತಳು, ಅವಳ ಎರಡೂ ಕಡೆ ಜಾಗ ಖಾಲಿ ಬಿಟ್ಟಿದ್ದರು. ಈರಯ್ಯನವರು, ಅವರ ಹೆಂಡತಿ ನಡುವಿನ ಸಾಲಿನಲ್ಲಿದ್ದರು. ಮೇಳದವರು ಪರದೆಯ ಪಕ್ಕದ ಚಾಪೆಯ ಮೇಲೆ. ಸೊಲ್ಲು ಎತ್ತುವವಳು ಪರದೆಯನ್ನೇ ನೋಡುತ್ತಾ ಹಾಡಬೇಕು, ಅದು ನಿಯಮ. ಅದನ್ನು ಯಾರು ಮಾಡಿದರೋ, ಅವರ ಮನೆಯಲ್ಲಿ ಯಾರೂ ಸತ್ತಿರಲಿಲ್ಲವೇನೋ.

ಟಾಕೀಸಿನೊಳಗೆ ಕತ್ತಲಾಯಿತು. ಮಿಷಿನ್ನಿನ ಕರಕರ ಶುರುವಾಯಿತು. ಪರದೆಯ ಮೇಲೆ ನಮ್ಮ ಹೊಳೆ ಬಂತು, ಹೊಳೆಯ ಮೇಲೆ ಬಿಸಿಲು, ದಡದಲ್ಲಿ ದೋಣಿ, ದೋಣಿಯಲ್ಲಿ ಪರಶು.

ಅವನು ಕ್ಯಾಮೆರಾ ಕಂಡು ನಾಚಿಕೊಂಡು ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿದ ಮೇಲೂ ಮೂಗಿನ ತುದಿಯಲ್ಲಿ ನೀರು ಹಾಗೇ ಇತ್ತು. ಮದುವೆಯಾದ ಹೊಸತರ ಚಿತ್ರ ಅದು. ಸ್ವಲ್ಪ ಹೊತ್ತಿಗೆ ಕಸ್ತೂರಿ ಬಂದಳು, ಸೀರೆಯ ನೆರಿಗೆ ಎತ್ತಿ ಹಿಡಿದು, ಹತ್ತಲೋ ಬೇಡವೋ ಅಂತ ಅನುಮಾನಿಸುತ್ತಾ.

ನಾನು ಮೊದಲ ನುಡಿ ಎತ್ತಿದೆ. ಹಿಂದೆ ಹೆಂಗಸರು ಹಿಡಿದುಕೊಂಡರು. ನೂರು ಸಲ ಹಾಡಿದ ಹಾಡು ಅಂದು ನನಗೆ ಬೇರೆಯೇ ಕೇಳಿಸಿತು. ಇಷ್ಟು ದಿನ ನಾನು ಜನರ ಮನೆಯವರನ್ನು ದಾಟು, ದಾಟು ಅಂತ ಎಷ್ಟು ಸಲೀಸಾಗಿ ಕಳಿಸಿದ್ದೆ!

ಎರಡನೇ ನುಡಿ: "ದೀಪಕ್ಕೆ ಎಣ್ಣೆ ನಾವು ಎರೆದೇವು, ನೀ ಚಿಂತೆ ಬಿಟ್ಟು ಏಳು." ಪರದೆಯ ಮೇಲೆ ಪರಶು ಕೈ ಚಾಚಿದ. ಸತ್ತವರೆಲ್ಲ ಚಿತ್ರ ಬಿಟ್ಟು ಹೋಗುವ ಹೊತ್ತು ಅದೇ. ಕಸ್ತೂರಿ ಅವನ ಕೈ ಹಿಡಿದಳು, ದೋಣಿಗೆ ಕಾಲಿಟ್ಟಳು, ದೋಣಿ ವಾಲಿತು, ಅವನು ಅವಳನ್ನು ಹಿಡಿದುಕೊಂಡ. ನುಡಿ ಮುಗಿಯಿತು. ಪರಶು ಅಲ್ಲೇ ಇದ್ದ.

ಟಾಕೀಸಿನಲ್ಲಿ ಜೇನುಗೂಡು ಕೆದಕಿದ ಹಾಗೆ ಸದ್ದೆದ್ದಿತು. ಮೂರನೇ ನುಡಿ ಎತ್ತಿದೆ. ಅವನು ಹುಟ್ಟು ಊರಿ ದೋಣಿಯನ್ನು ದಡದಿಂದ ದೂಡಿದ. ಇನ್ನೂ ಇದ್ದ. "ಇದಾನೆ," ಅಂದರು ಯಾರೋ. "ಇದಾನೆ ಬಡ್ಡೀಮಗ. ಬದುಕಿದಾನೆ."

ಸುಳ್ಳು ಯಾಕೆ ಹೇಳಲಿ, ನನ್ನ ಎದೆ ಹೂವಾಯಿತು. ಇದ್ದಾನೆ ನನ್ನ ತಮ್ಮ, ಎಲ್ಲೋ ಇದ್ದಾನೆ. ಕಡೆಹಾಡನ್ನು ಅಷ್ಟು ಸಂತೋಷದಿಂದ ಯಾರೂ ಹಾಡಿರಲಾರರು. ಹಿಮ್ಮೇಳದ ಹೆಂಗಸರು ನನ್ನನ್ನು ಬೆರಗಾಗಿ ನೋಡಿದರು. ನಡುವಿನ ಸಾಲಿನಲ್ಲಿ ಈರಯ್ಯನವರು ಎದ್ದು ನಿಂತದ್ದು ಪರದೆಯ ಬೆಳಕಿನಲ್ಲಿ ಕಂಡಿತು. ಹೆಂಡತಿ ಅವರ ಪಂಚೆ ಹಿಡಿದು ಜಗ್ಗುತ್ತಿದ್ದರು, ಅವರು ಕೂರಲಿಲ್ಲ. ಕಸ್ತೂರಿ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದ್ದಳು. ಅವಳ ತುಟಿ ಅಲುಗುತ್ತಿತ್ತು, ಏನು ಅನ್ನುತ್ತಿದ್ದಳೋ ಕೇಳಿಸಲಿಲ್ಲ.

ಕೊನೆಯ ನುಡಿ. ಚಿತ್ರದಲ್ಲಿ ದೋಣಿ ನಡುಹೊಳೆಗೆ ಬಂದಿತ್ತು. ಪರಶು ಹುಟ್ಟು ಹಾಕುತ್ತಾ ಹೆಂಡತಿಗೆ ಏನೋ ಹೇಳಿದ. ಮೂಕಿ ಚಿತ್ರ, ಮಾತು ಇಲ್ಲ. ಅವಳು ತಲೆ ಹಿಂದಕ್ಕೆ ಹಾಕಿ ನಗತೊಡಗಿದಳು. ನಾನು ಹಾಡಿದೆ: "ನಿನ್ನ ಹೆಸರ ನಾವಿಟ್ಟುಕೊಂಡೆವು..."

ಆಗ ಹೋದ.

ಒಂದು ಚೂರೂ ಸದ್ದಿಲ್ಲದೆ, ರೆಪ್ಪೆ ಬಡಿಯುವಷ್ಟರಲ್ಲಿ ಹೋದ. ದೋಣಿ ಸಾಗುತ್ತಲೇ ಇತ್ತು. ಹುಟ್ಟು ತನ್ನಷ್ಟಕ್ಕೆ ತಾನು ನೀರಿಗೆ ಬಿದ್ದು ಏಳುತ್ತಿತ್ತು. ಮತ್ತು ಕಸ್ತೂರಿ ಖಾಲಿ ಹಲಗೆಯನ್ನು ನೋಡಿ ನಗುತ್ತಿದ್ದಳು, ಸೆರಗು ಬಾಯಿಗೆ ಅಡ್ಡ ಹಿಡಿದು, ಸಾಕು ಸುಮ್ಮನಿರಿ ಅನ್ನುವ ಹಾಗೆ ಕೈ ಬೀಸುತ್ತಾ.

ನನ್ನ ಸ್ವರ ಅಲ್ಲೇ ನಿಂತಿತು. ಬಾಯಿ ತೆರೆದಿತ್ತು, ಏನೂ ಬರಲಿಲ್ಲ. ಇನ್ನು ಅರ್ಧ ಸಾಲು ಉಳಿದಿತ್ತು. ಸೊಲ್ಲು ಎತ್ತುವವಳು ಕೊಡದೆ ಹಿಮ್ಮೇಳದವರು ಹಿಡಿಯುವಂತಿಲ್ಲ. ಅರ್ಧಕ್ಕೆ ನಿಂತ ಹಾಡು ಯಾರನ್ನೂ ದಡ ಮುಟ್ಟಿಸುವುದಿಲ್ಲ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಹೆಂಗಸರು ನನ್ನ ತೋಳು ಹಿಡಿದು ಅಲುಗಿಸಿದರು. ಪರದೆಯ ಮೇಲೆ ಖಾಲಿ ದೋಣಿ ದೂರ ದೂರ ಹೋಗುತ್ತಿತ್ತು, ಚಿತ್ರ ಮುಗಿಯಲು ಬಂದಿತ್ತು, ನಾನು ಗಂಟಲನ್ನು ಕೈಯಲ್ಲಿ ಹಿಸುಕಿಕೊಂಡೆ, ಆಗಲಿಲ್ಲ.

"ನೆರಳ ನೀ ಒಯ್ಯು..."

ಗಂಡಸಿನ ದನಿ. ನಮ್ಮೂರಲ್ಲಿ ಗಂಡಸರು ಅದನ್ನು ಹಾಡಿದ್ದೇ ಇಲ್ಲ. ಈರಯ್ಯನವರು ನಿಂತಲ್ಲೇ ನಿಂತು, ಕಣ್ಣು ಪರದೆಯ ಮೇಲಿಟ್ಟು, ಬೆಲ್ಲದ ಮೂಟೆ ಇಳಿಸುವವನನ್ನು ಕೂಗುವ ಆ ಒರಟು ಗಂಟಲಿನಲ್ಲಿ ಹಾಡುತ್ತಿದ್ದರು. ರಾಗ ಸರಿಯಿರಲಿಲ್ಲ. ಮಗಳಿಗೆ ಹಾಡಿದಾಗ ಕೇಳಿದ್ದ ಸಾಲು, ಮರೆಯುವುದು ಹೇಗೆ? "ನೆರಳ ನೀ ಒಯ್ಯು, ಹಗುರಾಗಿ ಒಯ್ಯು." ಎರಡನೇ ಸಲ ಅವರು ಎತ್ತಿದಾಗ ಹಿಮ್ಮೇಳದವರು ಹಿಡಿದುಕೊಂಡರು. ಮೂರನೇ ಸಲಕ್ಕೆ ಇಡೀ ಟಾಕೀಸು ಹಾಡುತ್ತಿತ್ತು, ಬಡ್ಡೀಮಗ ಅಂದವನೂ ಸೇರಿ. ಚಿತ್ರ ಮುಗಿದು ಪರದೆ ಬೆಳ್ಳಗಾಯಿತು. ಹುಸೇನ್ ಸಾಬರು ದೀಪ ಹಾಕಲಿಲ್ಲ, ಬಹಳ ಹೊತ್ತು ಹಾಕಲಿಲ್ಲ.

ಈಗ ಮೇಳದ ಕೊನೆಯ ಚಾಪೆಯಲ್ಲಿ ಈರಯ್ಯನವರೂ ಕೂರುತ್ತಾರೆ. ಅವರ ಸ್ವರ ಸುಧಾರಿಸಿಲ್ಲ, ಯಾರೂ ಅದನ್ನು ಹೇಳಲು ಹೋಗುವುದಿಲ್ಲ. ಆವತ್ತು ಅವರು ಬೆಂಚುಗಳನ್ನು ದಾಟಿಕೊಂಡು ಕಸ್ತೂರಿಯ ಹತ್ತಿರ ಬಂದರು. ಕ್ಷಮಿಸು ಅಂತ ಕೇಳಲಿಲ್ಲ. ಕೇಳುವರೇನೋ ಅಂತ ನಾನು ಕಾದಿದ್ದೆ. ಅವಳ ಮುಂದೆ ನಿಂತು ಹೆಗಲ ಮೇಲಿನ ವಸ್ತ್ರವನ್ನು ಕೈಯಲ್ಲಿ ಮುದುರಿದರು.

"ಹಾಗಾದ್ರೆ ನನ್ನ ಮಗಳು ಒಬ್ಬಳೇ ಹೋಗ್ಲಿಲ್ಲ ಅಂತಾಯ್ತು," ಅಂದರು. "ಅವಳಮ್ಮನಿಗೆ ಹೇಳ್ತೀನಿ."

ಅವಳಮ್ಮ ಅಲ್ಲೇ ಹಿಂದೆಯೇ ನಿಂತಿದ್ದರು. ಕಸ್ತೂರಿಯ ಪಕ್ಕದ ಖಾಲಿ ಜಾಗದಲ್ಲಿ ಕೂತು, ಅವಳ ತಲೆಯನ್ನು ತಮ್ಮ ಭುಜಕ್ಕೆ ಎಳೆದುಕೊಂಡರು. ಅಳು ಅಂದರು. ಇನ್ನು ಅಳಬಹುದು ಮಗಳೇ, ಅಳು. ಕಸ್ತೂರಿಗೆ ಅಳು ಬರಲಿಲ್ಲ.

ಜನ ಕರಗಿದ ಮೇಲೆ ನಾವಿಬ್ಬರೂ ಹೊಳೆದಂಡೆಯ ದಾರಿಯಲ್ಲಿ ಮನೆಯ ಕಡೆ ನಡೆದೆವು. ಸಂಜೆಯ ಬಿಸಿಲು ಇನ್ನೂ ಇತ್ತು. ಬಟ್ಟೆ ಒಗೆಯುತ್ತಿದ್ದವರು ನಮ್ಮನ್ನು ಕಂಡು ಕೈ ನಿಲ್ಲಿಸಿ ಎದ್ದು ನಿಂತರು, ದೊಡ್ಡವರ ಸಾವಿಗೆ ಎದ್ದು ನಿಲ್ಲುವ ಹಾಗೆ. ಕಸ್ತೂರಿ ತಲೆ ಬಗ್ಗಿಸಿ ದಾಟಿದಳು. ಅವಳು ಬೇಡಿಕೊಂಡದ್ದೇ ಆಗಿತ್ತು. ಅವಳ ಗಂಡನ ಹೆಸರಿಗೆ ಇನ್ನು ಯಾವ ಮಸಿಯೂ ಇರಲಿಲ್ಲ. ಸಮಾಧಾನವಾಯಿತೇ ಅಂತ ಕೇಳಬೇಕು ಅನ್ನಿಸಿತು, ಚುಚ್ಚಬೇಕು ಅಂತಲೇ ಅನ್ನಿಸಿತು. ಆದರೆ ನನ್ನ ಗಂಟಲಿಗೆ ಸ್ವರ ಇನ್ನೂ ಮರಳಿರಲಿಲ್ಲ.

ಜೊಂಡು ಬೆಳೆದ ತಿರುವಿನಲ್ಲಿ ಅವಳು ನಿಂತಳು.

"ಎರಡನೇ ನುಡಿ ಮುಗಿದ್ರೂ ಇದ್ರಲ್ಲ ಅತ್ತಿಗೆ," ಅಂದಳು. "ಮೂರನೇದು ಬಂದ್ರೂ ಇದ್ರು. ಹಿಂದಿನೋರೆಲ್ಲ ಬೈತಿದ್ರು."

ನಾನು ತಲೆಯಾಡಿಸಿದೆ.

"ಆಗ ನಾನು ಏನಂದೆ ಗೊತ್ತಾ?" ಅವಳು ಹೊಳೆಯ ಕಡೆ ತಿರುಗಿದಳು. "ಓಡು ಅಂದೆ. ಯಾರ ಮಾತೂ ಕೇಳಬೇಡ, ಓಡು, ಎಲ್ಲಿಗಾದ್ರೂ ಓಡಿಹೋಗಿ ಬದುಕ್ಕೋ ಅಂದೆ. ಎಷ್ಟು ಸಲ ಅಂದೆ ಅತ್ತಿಗೆ. ಕೇಳ್ಲೇ ಇಲ್ಲ ಅವರು."

ಅವಳು ದಾರಿಯ ನಡುವೆಯೇ ಕುಸಿದು ಕೂತಳು. ನಾನೂ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತೆ. ಅವಳ ಬಾಯಿಂದ ಬಂದ ಮೊದಲ ಸದ್ದಿಗೆ ಜೊಂಡಿನೊಳಗಿದ್ದ ಹಕ್ಕಿಗಳು ಗುಂಪಾಗಿ ಎದ್ದು ಆಚೆ ದಡಕ್ಕೆ ಹಾರಿದವು.